ಹೊಟ್ಟಿ ಒತ್ತಬ್ಯಾಡ್ರಿ

ನಮ್ಮ ಕಡೆ ಕೂಸಿನ ಹೊಟ್ಟೆ ಊರ ಮಂದಿಯ ಆಸ್ತಿ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾವ ಓಣಿಗೆ ಬೇಕಾದರೂ ಹೋಗಿ ನೋಡಿ. ಕಟ್ಟೆಯ ಮೇಲೆ ಅಂಗಿಯಿಲ್ಲದ ಕೂಸೊಂದು ಕೂತಿದ್ದರೆ, ಹಾದುಹೋಗುವವರೆಲ್ಲ ಒಮ್ಮೆ ಅದರ ಹೊಟ್ಟೆ ಒತ್ತಿಯೇ ಮುಂದೆ ಹೋಗುವುದು. 'ಯವ್ವಾ, ಹೊಟ್ಟಿ ಗಟ್ಟಿ ಆಗೇತಲ್ಲ, ಜಂತು ಆಗ್ಯಾವೇನು?' ಎಂದು ಒಬ್ಬರು ಕೇಳಿದರೆ, 'ಲಿವರ್ ಬಂದೈತಿ ತಗಿ, ಬರಿ ಹಾಕಸ್ರಿ' ಎಂದು ನಮ್ಮ ಓಣಿಯ ಕಾಕು ತೀರ್ಪು ಕೊಟ್ಟುಬಿಡುತ್ತಾರೆ. ಇವರಲ್ಲಿ ಯಾರಿಗೂ ಫೀಸಿಲ್ಲ, ಬಹಳವಾದರೆ ಒಂದು ಕಪ್ ಚಹಾ. ಕೂಸು ಮಾತ್ರ ಎಲ್ಲರ ಮುಖ ನೋಡಿ ನಗುತ್ತಾ ಕೂತಿರುತ್ತದೆ.

ಇದನ್ನೇಕೆ ಎತ್ತಿದೆ ಎಂದರೆ, ಈ ಒತ್ತುವ ಚಟಕ್ಕೆ ನೇರ ಅಡ್ಡ ನಿಲ್ಲುವ ಒಂದು ಪದ್ಧತಿ ಮಕ್ಕಳ ಕ್ಯಾನ್ಸರ್ ವಾರ್ಡುಗಳಲ್ಲಿದೆ. ಮೂತ್ರಪಿಂಡದಲ್ಲಿ ಗಂಟಿರುವ ಮಗುವಿನ ಹಾಸಿಗೆಯ ತಲೆಗಡೆ ಒಂದು ಚೀಟಿ ಅಂಟಿಸಿರುತ್ತಾರೆ: ಹೊಟ್ಟೆ ಒತ್ತಬೇಡಿ. ಕಲಿಯಲು ಬಂದ ಹುಡುಗ ಡಾಕ್ಟರರು ಸಾಲಾಗಿ ನಿಂತು ಒಬ್ಬರಾದ ಮೇಲೊಬ್ಬರು ಒತ್ತಿದರೆ ಗಂಟು ಒಳಗೇ ಒಡೆದೀತು ಎಂಬ ಭಯ. ಭಯಕ್ಕೆ ಕಾರಣವೂ ಇದೆ. ವಿಲ್ಮ್ಸ್ ಗಂಟು ಎಂಬ ಈ ಕಿಡ್ನಿಯ ಗಂಟಿಗೆ ಮೇಲೆ ತೆಳುವಾದ ಸಿಪ್ಪೆ, ಒಳಗೆ ಮೆತ್ತನೆಯ ತಿರುಳು. ಅದು ಒಡೆದು ಹೊಟ್ಟೆಯೊಳಗೆ ಚೆಲ್ಲಿತೆಂದರೆ ಕಾಯಿಲೆ ಒಂದೇ ಏಟಿಗೆ ಮೂರನೆಯ ಹಂತಕ್ಕೆ ಏರುತ್ತದೆ. ಔಷಧಿ ಹೆಚ್ಚಬೇಕು, ಮೇಲೆ ಹೊಟ್ಟೆಗೆ ವಿಕಿರಣವೂ ಬೇಕು. ಈ ಚೀಟಿ ನಮ್ಮೂರ ಕಟ್ಟೆಗಳ ಮೇಲೂ ಇರಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ನಮ್ಮಲ್ಲಿ 'ಇಲ್ಲಿ ಉಗುಳಬೇಡಿ' ಎಂಬ ಹಲಗೆಗೆ ಆಗಿರುವ ಗತಿ ನಿಮಗೂ ಗೊತ್ತಲ್ಲ!

ಈ ಗಂಟನ್ನು ಮೊದಲು ಕಂಡುಹಿಡಿಯುವುದು ಯಾರು ಹೇಳಿ? ಡಾಕ್ಟರಲ್ಲ. ಎಣ್ಣೆ ಹಚ್ಚಿ ನೀರು ಹಾಕುವ ತಾಯಿ. ವೈದ್ಯರ ಪುಸ್ತಕಗಳೇ ಇದನ್ನು ಒಪ್ಪುತ್ತವೆ. ಮೂರು-ನಾಲ್ಕು ವರ್ಷದ ಮಗು, ನೋವಿಲ್ಲ, ಜ್ವರವಿಲ್ಲ, ಓಡಾಡಿಕೊಂಡಿರುತ್ತದೆ. ಬಚ್ಚಲಲ್ಲಿ ಬೆನ್ನು ಹೊಟ್ಟೆ ತಿಕ್ಕುವಾಗ ಒಂದು ಪಕ್ಕೆಯಲ್ಲಿ ಗಟ್ಟಿಯಾಗಿ ಏನೋ ಕೈಗೆ ಹತ್ತುತ್ತದೆ. ಮಗು ಇನ್ನೂ ಬಸಿರಿನಲ್ಲಿದ್ದಾಗ ಮೂತ್ರಪಿಂಡ ಕಟ್ಟುವ ಕೆಲಸಕ್ಕೆ ಹೊರಟ ಕೋಶಗಳಲ್ಲಿ ಕೆಲವು ಕೆಲಸ ಮುಗಿಸದೆ ಹಾಗೇ ಉಳಿದುಬಿಟ್ಟಿರುತ್ತವೆ. ಅವೇ ಮುಂದೆ ಗಂಟಾಗುತ್ತವೆ. ಗ್ರಹಣದಲ್ಲಿ ಅವ್ವ ಹೊರಗೆ ಬಂದಿದ್ದಕ್ಕಲ್ಲ, ಯಾರದೋ ದೃಷ್ಟಿ ತಾಗಿದ್ದಕ್ಕಂತೂ ಅಲ್ಲವೇ ಅಲ್ಲ. ಇದನ್ನು ಎಷ್ಟು ಬಿಡಿಸಿ ಹೇಳಿದರೂ ಆಕೆ ಮಾತ್ರ ತಾನು ಏನು ತಿಂದೆ, ಎಲ್ಲಿ ಹೋದೆ ಎಂದು ಲೆಕ್ಕ ಹಾಕುತ್ತಲೇ ಇರುತ್ತಾಳೆ. ಗಂಟಿಗೆ ಹೆಸರು ಕೊಟ್ಟ ಮ್ಯಾಕ್ಸ್ ವಿಲ್ಮ್ಸ್ ಜರ್ಮನಿಯ ಶಸ್ತ್ರವೈದ್ಯ. 1899ರಲ್ಲಿ ಇದರ ಮೇಲೆ ಒಂದು ಗ್ರಂಥ ಬರೆದ. 1918ರಲ್ಲಿ, ಯುದ್ಧದ ಕಾಲ, ಸೆರೆಸಿಕ್ಕ ಫ್ರೆಂಚ್ ಅಧಿಕಾರಿಯೊಬ್ಬನ ಗಂಟಲಮಾರಿಗೆ ಶಸ್ತ್ರಕ್ರಿಯೆ ಮಾಡಲು ಹೋಗಿ ಅದೇ ರೋಗ ಅಂಟಿಸಿಕೊಂಡು ತೀರಿಹೋದ. ಶತ್ರುವಿನ ಸೈನಿಕನನ್ನು ಉಳಿಸಲು ಹೋಗಿ ಸತ್ತವನ ಹೆಸರು ಮಕ್ಕಳ ಗಂಟಿಗೆ ನಿಂತಿತು.

ಸರಿ, ಗಂಟು ಕೈಗೆ ಹತ್ತಿತು. ಮುಂದೆ? ಅಥಣಿ, ಕಾಗವಾಡ, ರಾಯಬಾಗದವರಿಗೆ ಇದು ಪ್ರಶ್ನೆಯೇ ಅಲ್ಲ. 'ಮಿರಜಿಗೆ ಒಯ್ರಿ.' ನಿಪ್ಪಾಣಿಯವರು ಕೊಲ್ಹಾಪುರದ ಹೆಸರು ಹೇಳಬಹುದು, ಚಿಕ್ಕೋಡಿಯವರು ಬೆಳಗಾವಿ ಎನ್ನಬಹುದು. ಕೃಷ್ಣಾ ತೀರದ ಈ ಮಂದಿಗೆ ಮಾತ್ರ ಕಾಲು ಮುರಿದರೂ ಮಿರಜ, ಕಣ್ಣಿಗೆ ಪೊರೆ ಬಂದರೂ ಮಿರಜ. ಕುಡಚಿ, ಉಗಾರ, ಶೇಡಬಾಳ ಸ್ಟೇಶನ್ನುಗಳಲ್ಲಿ ಬೆಳಗಿನ ಗಾಡಿಗೆ ಕಾಯುವವರಲ್ಲಿ ಅರ್ಧ ಮಂದಿಯ ಕೈಯಲ್ಲಿ ಎಕ್ಸ್‌ರೇ ಲಕೋಟೆ ಇರುತ್ತದೆ, ಉಳಿದರ್ಧ ಅವರ ಜೊತೆಗೆ ಬಂದವರು.

ಈ ರೂಢಿಗೆ ನೂರಿಪ್ಪತ್ತು ವರ್ಷ ದಾಟಿತು. ಕೆನಡಾದಲ್ಲಿ ಹುಟ್ಟಿದ ವಿಲಿಯಮ್ ವಾನ್‌ಲೆಸ್ ಎಂಬ ಮಿಶನರಿ ಡಾಕ್ಟರ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಅಂದಿನಿಂದ ಗಾಡಿ ಕಟ್ಟಿಕೊಂಡು, ಆಮೇಲೆ ರೈಲು ಹತ್ತಿ, ಈಗ ಟಂಟಂ ಮಾಡಿಕೊಂಡು ನಮ್ಮ ಮಂದಿ ಹೋಗುತ್ತಲೇ ಇದ್ದಾರೆ. ವಾನ್‌ಲೆಸ್ ಸಾಹೇಬರಿಗೆ ಬ್ರಿಟಿಷ್ ಸರ್ಕಾರ ಸರ್ ಪದವಿ ಕೊಟ್ಟಿತು. ಮಿರಜ-ಸಾಂಗಲಿ ನಡುವಿನ ಕ್ಷಯರೋಗದ ಆರೋಗ್ಯಧಾಮದ ಜಾಗ ಇವತ್ತಿಗೂ ವಾನ್‌ಲೆಸ್‌ವಾಡಿ. ನನಗೆ ಅದಕ್ಕಿಂತ ಹೆಚ್ಚು ಸೋಜಿಗದ ಸಂಗತಿ ಬೇರೆಯೇ ಇದೆ. ರಾಂಟ್‌ಜೆನ್ ಎಕ್ಸ್‌ಕಿರಣ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಅಂದರೆ ಮಿರಜದ ಆಸ್ಪತ್ರೆ ಎಕ್ಸ್‌ರೇಗಿಂತ ಒಂದು ವರ್ಷ ಹಿರಿದು! ಬಾಗಿಲು ತೆರೆದ ದಿನ ಮನುಷ್ಯನ ಒಳಗನ್ನು ಎಕ್ಸ್‌ರೇಯಲ್ಲಿ ನೋಡಿದವರು ಜಗತ್ತಿನಲ್ಲಿ ಯಾರೂ ಇರಲಿಲ್ಲ. ಹೊಟ್ಟೆಯಲ್ಲಿ ಏನಿದೆ ಎಂದು ಕೊಯ್ಯದೆ ತಿಳಿಯಲು ಡಾಕ್ಟರಿಗೂ ಕಟ್ಟೆಯ ಮೇಲಿನ ನಮ್ಮ ಕಾಕುಗೂ ಬಹುಮಟ್ಟಿಗೆ ಒಂದೇ ಉಪಾಯ: ಒತ್ತಿ ನೋಡುವುದು.

ಮಿರಜ ಎಂದಮೇಲೆ ಸಂಗೀತ ಬಿಟ್ಟು ಮುಂದೆ ಹೋಗಲಾದೀತೆ? ಔಷಧಿ ಅಂಗಡಿಗಳ ಸಾಲು ದಾಟಿದರೆ ಸಿತಾರ್ ತಂಬೂರಿ ಮಾಡುವವರ ಅಂಗಡಿಗಳು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರು ಬಂದು ನೆಲೆನಿಂತ ಊರು, 1937ರಲ್ಲಿ ತೀರಿಕೊಂಡಮೇಲೆ ಅಲ್ಲಿನ ದರ್ಗಾದಲ್ಲೇ ಮಲಗಿದರು. ಅವರ ಅಪರೂಪದ ದನಿ ನಮ್ಮ ತನಕ ಬಂದದ್ದು ಗ್ರಾಮೊಫೋನ್ ತಟ್ಟೆಗಳಿಂದ. ಈ ತಟ್ಟೆಗಳ ಲೋಕದಲ್ಲಿ ಕಹಳೆಯ ಮುಂದೆ ಕೂತ ನಾಯಿಯ ಚಿತ್ರದ ಕಂಪನಿ ನೆನಪಿದೆಯಲ್ಲ? ಅದರ ಇಂಗ್ಲೆಂಡಿನ ಮೂಲಮನೆ ಇಎಂಐ. ಅದೇ ಇಎಂಐಯಲ್ಲಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರು ಕೂತು ಸಿಟಿ ಸ್ಕ್ಯಾನ್ ಯಂತ್ರ ಕಟ್ಟಿದ. 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಅದರಲ್ಲಿ ನೋಡಿದರು; 1979ರಲ್ಲಿ ಅವನಿಗೆ ನೊಬೆಲ್ ಬಂತು. ಹಾಡಿನ ತಟ್ಟೆ ಮಾರುವವರು ಮನುಷ್ಯನನ್ನು ತೆಳುವಾದ ಬಿಲ್ಲೆಬಿಲ್ಲೆಯಾಗಿ ನೋಡುವ ಯಂತ್ರ ಮಾರತೊಡಗಿದರು. ಮಿರಜದ ಸ್ಕ್ಯಾನ್ ಸೆಂಟರಿನಲ್ಲಿ ಕಾಯುತ್ತ ಕೂತವರು ಹೊರಗೆ ಯಾರೋ ತಂಬೂರಿ ಶ್ರುತಿ ಮಾಡುತ್ತಿರುವುದನ್ನು ಕೇಳಿದರೆ, ಎರಡಕ್ಕೂ ದೂರದ ನಂಟಿದೆ ಎಂದು ತಿಳಿಯಲಿ.

ಸ್ಕ್ಯಾನಿನಲ್ಲಿ ಗಂಟು ಕಂಡಿತು ಎನ್ನಿ. ಅಲ್ಲಿಂದ ಮುಂದಿನ ದಾರಿ ಬಹುಮಟ್ಟಿಗೆ ಮುಂಬೈಯ ಪರೇಲಿನದು. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಶುರುವಾಯಿತು, ದೊಡ್ಡ ಸಂಸ್ಥೆಯೇ. ಆದರೆ ಅಥಣಿಯವನಿಗೆ ಬೆಂಗಳೂರಿಗಿಂತ ಮುಂಬೈ ಹತ್ತಿರ. ರಾತ್ರಿ ಮಿರಜಿನಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಮುಂಬೈ. ಪರೇಲಿನಲ್ಲಿ 1941ರಲ್ಲಿ ಬಾಗಿಲು ತೆರೆದ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನ ಮುಂದಿನ ಫುಟ್‌ಪಾತಿನಲ್ಲಿ ಕನ್ನಡ ಮಾತು ಕೇಳಿದರೆ ಬೆಚ್ಚಬೇಡಿ. ಹೊರಳಿ ನೋಡಿ, ನಮ್ಮ ಕಡೆಯ ಪಟಗದ ಅಜ್ಜನೊಬ್ಬ ರೊಟ್ಟಿ ಶೇಂಗಾಹಿಂಡಿಯ ಗಂಟು ಬಿಚ್ಚುತ್ತಿರುತ್ತಾನೆ. ಇರಲು ಜಾಗ ಸಿಗದವರಿಗೆ ದಾದರಿನಲ್ಲಿ ಗಾಡಗೇ ಮಹಾರಾಜರ ಹೆಸರಿನ ಧರ್ಮಶಾಲೆ ಇದೆ. ಕಸಬರಿಗೆ ಹಿಡಿದು ಊರೂರು ಗುಡಿಸಿದ ಆ ಸಂತನ ಹೆಸರಿನಲ್ಲಿ ಕ್ಯಾನ್ಸರ್ ರೋಗಿಗಳ ಮನೆಮಂದಿ ಚಾಪೆ ಹಾಸುತ್ತಾರೆ.

ಈ ಧರ್ಮಶಾಲೆಯ ವಿಷಯ ಬಂದಾಗಲೆಲ್ಲ ನನಗೆ ಫಿಲಡೆಲ್ಫಿಯಾ ನೆನಪಾಗುತ್ತದೆ. ಎಲ್ಲಿಯ ದಾದರು, ಎಲ್ಲಿಯ ಫಿಲಡೆಲ್ಫಿಯಾ ಎನ್ನಬೇಡಿ. ಕ್ಯಾನ್ಸರ್ ಮಕ್ಕಳ ತಂದೆತಾಯಿಗಳಿಗೆ ತಂಗಲು 1974ರಲ್ಲಿ ಅಲ್ಲಿ ಒಂದು ಮನೆ ಮಾಡಿದರು. ಅದರ ಹಿಂದೆ ಇದ್ದವರು ಆಡ್ರೀ ಇವಾನ್ಸ್ ಎಂಬ ಮಕ್ಕಳ ಕ್ಯಾನ್ಸರ್ ವೈದ್ಯೆ. ಅವರನ್ನು ಆ ಊರಿನ ಮಕ್ಕಳ ಆಸ್ಪತ್ರೆಗೆ ಕರೆತಂದವನು ಸಿ. ಎವರೆಟ್ ಕೂಪ್ ಎಂಬ ಶಸ್ತ್ರವೈದ್ಯ. ಈ ಕೂಪನ ಬಗ್ಗೆ ಹೇಳದೆ ಬಿಟ್ಟರೆ ನಿಪ್ಪಾಣಿಯವರಿಗೆ ಅನ್ಯಾಯವಾದೀತು. ಯಾಕೆಂದು ಸ್ವಲ್ಪ ತಾಳಿ.

ಕೂಪ್ ಹುಟ್ಟಿದ್ದು 1916ರಲ್ಲಿ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದಲ್ಲೂ ಮಕ್ಕಳ ಶಸ್ತ್ರವೈದ್ಯರು ಬೆರಳೆಣಿಕೆಯಷ್ಟೇ. ಮಕ್ಕಳೆಂದರೆ ಚಿಕ್ಕ ಗಾತ್ರದ ದೊಡ್ಡವರು ಎಂದುಕೊಂಡು ಕೊಯ್ಯುವವರೇ ಹೆಚ್ಚು. ಕೂಪ್ ಬಾಸ್ಟನ್ನಿಗೆ ಹೋಗಿ ಲ್ಯಾಡ್ ಮತ್ತು ಗ್ರಾಸ್ ಎಂಬ ಗುರುಗಳ ಹತ್ತಿರ ಕಲಿತು ಬಂದ, 1948ರಲ್ಲಿ ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯನಾದ, ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಕೂಸುಗಳ ಹೊಟ್ಟೆ ಎದೆ ಬಿಚ್ಚಿ ಹೊಲಿದ. ನ್ಯೂರೊಬ್ಲಾಸ್ಟೊಮಾ ಎಂಬ ಒಂದು ದುಷ್ಟ ಗಂಟಿದೆ. ನರಗಳ ಮೂಲಕೋಶದಿಂದ ಹುಟ್ಟಿ ದೊಡ್ಡ ರಕ್ತನಾಳಗಳನ್ನು ಬಳಸಿಕೊಂಡು ಬೆಳೆಯುವಂಥದ್ದು. ಪೂರ್ತಿ ತೆಗೆಯಲು ಹೋದರೆ ನಾಳ ಹರಿಯುತ್ತದೆ, ಬಿಟ್ಟರೆ ಗಂಟು ಉಳಿಯುತ್ತದೆ. ಪೂರ್ತಿ ಬರದೆ ಅರೆಬರೆ ತೆಗೆದ ಮಕ್ಕಳಲ್ಲೂ ಕೆಲವರು, ಅದರಲ್ಲೂ ಎಳೆಯ ಕೂಸುಗಳು, ಬದುಕಿ ಬೆಳೆಯುತ್ತಿರುವುದನ್ನು ಕೂಪ್ 1950ರ ದಶಕದಲ್ಲೇ ಬರೆದ. ಎಳೆಯ ಕೂಸುಗಳಲ್ಲಿ ಈ ಗಂಟು ಕೆಲವೊಮ್ಮೆ ತಾನಾಗಿಯೇ ಕರಗುವುದೂ ಉಂಟೆಂದು ಈಗ ಎಲ್ಲರೂ ಬಲ್ಲರು. ಕತ್ತಿ ಹಿಡಿದವನೊಬ್ಬ 'ಇಲ್ಲಿಗೆ ಸಾಕು' ಎನ್ನುವುದು ಸಣ್ಣ ಮಾತಲ್ಲ. ನನ್ನನ್ನು ಕೇಳಿದರೆ ಕೂಪನ ದೊಡ್ಡತನ ಅವನು ತೆಗೆದ ಗಂಟುಗಳಿಗಿಂತ ಹೆಚ್ಚಾಗಿ ಇದರಲ್ಲೇ ಇದೆ.

ಈಗ ನಿಪ್ಪಾಣಿ. 1981ರ ಮಾರ್ಚ್-ಏಪ್ರಿಲಿನಲ್ಲಿ ತಂಬಾಕಿಗೆ ಬೆಲೆ ಕೇಳಿ ನಮ್ಮ ರೈತರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ಗಾಡಿ, ಎತ್ತು, ಹೆಂಗಸರು ಮಕ್ಕಳು ಎಲ್ಲ ರಸ್ತೆಯ ಮೇಲೆ. ಕೊನೆಗೆ ಏಪ್ರಿಲಿನಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ತಂಬಾಕಿನ ವಖಾರಗಳ ಆ ಘಾಟು ಮೂಗಿಗೆ ಬಡಿದಾಗ ಹಳಬರಿಗೆ ಇವತ್ತಿಗೂ ಅದೇ ನೆನಪು. ಅದೇ 1981ರಲ್ಲಿ ಅತ್ತ ಅಮೆರಿಕದಲ್ಲಿ ರೇಗನ್ ಸರ್ಕಾರ ಈ ಕೂಪನನ್ನು ದೇಶದ ಸರ್ಜನ್ ಜನರಲ್ ಹುದ್ದೆಗೆ ಹೆಸರಿಸಿತು. ಮಕ್ಕಳ ಗಂಟು ತೆಗೆಯುತ್ತಿದ್ದ ಕೈ ತಂಬಾಕಿನ ಕುತ್ತಿಗೆಗೆ ಹೋಯಿತು. 2000ನೇ ಇಸವಿಯೊಳಗೆ ಹೊಗೆಯಿಲ್ಲದ ಸಮಾಜ ಎಂದು 1984ರಲ್ಲಿ ಸಾರಿದ. 1986ರ ವರದಿಯಲ್ಲಿ ಪಕ್ಕದವನು ಬಿಟ್ಟ ಹೊಗೆಯೂ ರೋಗ ತರುತ್ತದೆ ಎಂದ. 1988ರಲ್ಲಿ ನಿಕೋಟಿನ್ ಚಟ ಹೆರಾಯಿನ್ ಕೊಕೇನಿಗೇನೂ ಕಡಿಮೆಯಿಲ್ಲ ಎಂದ. ಬಿಳಿ ಗಡ್ಡ, ಕುತ್ತಿಗೆಗೆ ಬೋ ಟೈ, ಮೈಮೇಲೆ ಸಮವಸ್ತ್ರ. ಟೀವಿಯಲ್ಲಿ ಬಂದರೆ ಸಿಗರೇಟು ಕಂಪನಿಯವರಿಗೆ ನಡುಕ. ಮಕ್ಕಳ ಗಂಟುಗಳಿಗೂ ಬೀಡಿ ಸಿಗರೇಟಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಮಕ್ಕಳನ್ನು ಉಳಿಸಿದ್ದಾಯಿತು, ಇನ್ನು ಅವರ ಅಪ್ಪಂದಿರ ಸರದಿ ಎಂದುಕೊಂಡನೋ ಏನೋ. ನಿಪ್ಪಾಣಿಯ ಹೊಲದವನ ಬದಿಯಿಂದ ನೋಡಿದರೆ ಇದು ಬೇರೆಯೇ ಕಥೆಯಾಗುತ್ತದೆ, ಅದನ್ನು ಅವನ ಕಟ್ಟೆಯ ಮೇಲೆ ಕೂತೇ ಕೇಳಬೇಕು.

ಎಲ್ಲಿದ್ದೆವು? ಹಾಂ, ಎಷ್ಟು ತೆಗೆಯುವುದು, ಎಲ್ಲಿ ನಿಲ್ಲುವುದು. ಗಡಿಯ ಮಾತು! ಗಡಿ ಎಂದರೆ ನಮಗಿಂತ ಬಲ್ಲವರುಂಟೆ? ಕರ್ನಾಟಕ-ಮಹಾರಾಷ್ಟ್ರ ಗಡಿ ಜಗಳದ ಮೇಲೆ ಮಹಾಜನ ಆಯೋಗದ ವರದಿ 1967ರಲ್ಲೇ ಬಂತು, ಸುಪ್ರೀಂ ಕೋರ್ಟಿನ ದಾವೆ 2004ರಿಂದ ಇದೆ, 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಈ ಕಡೆಯ 865 ಊರುಗಳಿಗೆ ತನ್ನ ಆರೋಗ್ಯ ಯೋಜನೆ ಕೊಡುತ್ತೇನೆಂದು ಹೊರಟಾಗ ಮತ್ತೆ ಗದ್ದಲವೆದ್ದಿತು. ಕಾಗದದ ಮೇಲೆ ಗೆರೆ ಸ್ಪಷ್ಟ. ಕಾಗವಾಡದಿಂದ ಗಡಿ ದಾಟಿ ಮ್ಹೈಸಾಳಕ್ಕೆ ನಡೆದುಹೋಗುವವನಿಗೆ ಕಬ್ಬಿನ ಗದ್ದೆ ಈ ಕಡೆಯೂ ಅದೇ, ಆ ಕಡೆಯೂ ಅದೇ. ಶಸ್ತ್ರವೈದ್ಯನ ಪಾಡೂ ಇಷ್ಟೇ. ಸ್ಕ್ಯಾನಿನ ಫಿಲ್ಮಿನಲ್ಲಿ ಗಂಟಿನ ಸುತ್ತ ಚೆಂದದ ಗೆರೆ ಕಾಣುತ್ತದೆ. ಹೊಟ್ಟೆ ತೆರೆದು ನೋಡಿದರೆ ಎಲ್ಲ ಕೆಂಪು, ಎಲ್ಲ ತೇವ. ಗಂಟು ಎಲ್ಲಿ ಮುಗಿಯಿತು, ಮಗುವಿನದು ಎಲ್ಲಿ ಶುರುವಾಯಿತು? ಒಂದು ಕಿಡ್ನಿಯಲ್ಲಿ ಮಾತ್ರ ಗಂಟಿದ್ದರೆ ಇಡೀ ಕಿಡ್ನಿ ತೆಗೆದುಬಿಡುತ್ತಾರೆ, ಇನ್ನೊಂದರ ಮೇಲೆ ಮಗು ಬದುಕುತ್ತದೆ. ವಿಲ್ಮ್ಸ್ ಗಂಟಿನ ಮಕ್ಕಳಲ್ಲಿ 100ಕ್ಕೆ 5ರಿಂದ 7 ಮಂದಿಗೆ ಎರಡೂ ಕಡೆ ಇರುತ್ತದೆ. ಎರಡನ್ನೂ ತೆಗೆದು ಮುಂದಿನ ಎಪ್ಪತ್ತು ವರ್ಷ ಹೇಗೆ? ಅಲ್ಲಿ ಒಂದೊಂದು ಬೆರಳಗಲ ಒಳ್ಳೆಯ ಮಾಂಸಕ್ಕೂ ಬೆಲೆ.

ಈ ಗಡಿಯನ್ನು ಬೆಳಗಿಸಿ ನೋಡುವ ಆಸೆ ಹಳೆಯದು. ಅಮೆರಿಕದ ಜಾರ್ಜ್ ಮೂರ್ ಎಂಬ ವೈದ್ಯ 1940ರ ದಶಕದ ಕೊನೆಗೇ ಫ್ಲೋರೆಸೀನ್ ಎಂಬ ಹಳದಿ ಬಣ್ಣ ರಕ್ತಕ್ಕೆ ಬಿಟ್ಟು, ನೇರಳಾತೀತ ದೀಪ ಹಿಡಿದು ಮೆದುಳಿನ ಗಂಟು ಹುಡುಕಿದ. ಈಗ ಮಕ್ಕಳ ಶಸ್ತ್ರಕ್ರಿಯೆಯಲ್ಲಿ ಹೆಸರು ಮಾಡಿರುವುದು ಇಂಡೊಸಯನಿನ್ ಗ್ರೀನ್ ಎಂಬ ಹಸಿರು. ಇದರ ತವರುಮನೆ ಎಲ್ಲಿ ಗೊತ್ತೇ? ಕೊಡಕ್ ಕಂಪನಿ! ಫೋಟೋ ಫಿಲ್ಮಿಗಾಗಿ ಮಾಡಿದ ಬಣ್ಣ. ನಮ್ಮ ಮದುವೆ ಫೋಟೋಗಳ ಸೋದರಸಂಬಂಧಿ. ಅಮೆರಿಕದಲ್ಲಿ 1959ರಲ್ಲಿ ಇದನ್ನು ಮನುಷ್ಯರಿಗೆ ಕೊಡಲು ಒಪ್ಪಿಗೆ ಸಿಕ್ಕಿತು. ಹೃದಯದ ರಕ್ತದೋಟ, ಯಕೃತ್ತಿನ ಕೆಲಸ, ಕಣ್ಣಿನ ನಾಳ ನೋಡಲು ಬಳಸುತ್ತಿದ್ದರು. ಗಂಟಿನ ಕೆಲಸಕ್ಕೆ ಬಂದದ್ದು ಎಷ್ಟೋ ತಡವಾಗಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಡಿಯುವ ಕ್ಯಾಮೆರಾಗಳು ಆಪರೇಶನ್ ಕೋಣೆಗೆ ಬಂದಮೇಲೆ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಪರದೆಯ ಮೇಲೆ ಮಾತ್ರ ಹೊಳಪು.

ಇದರಲ್ಲಿ ಒಂದು ತಮಾಷೆ ಇದೆ. ಯಕೃತ್ತು ಈ ಬಣ್ಣವನ್ನು ಹೀರಿ ಪಿತ್ತದಲ್ಲಿ ಹೊರಗೆ ಹಾಕುತ್ತದೆ. ಮಕ್ಕಳ ಯಕೃತ್ತಿನ ಗಂಟು, ಹೆಪಟೊಬ್ಲಾಸ್ಟೊಮಾ, ಯಕೃತ್ತಿನ ಮಗುವೇ ಆದದ್ದರಿಂದ ಬಣ್ಣ ಹೀರುವುದನ್ನು ಕಲಿತಿರುತ್ತದೆ, ಹೊರಹಾಕುವ ದಾರಿ ಮಾತ್ರ ಅದಕ್ಕಿಲ್ಲ. ಆಪರೇಶನ್ನಿಗೆ ಕೆಲವು ದಿನ ಮೊದಲೇ ಬಣ್ಣ ಚುಚ್ಚಿಟ್ಟರೆ, ಒಳ್ಳೆಯ ಯಕೃತ್ತು ತೊಳೆದುಕೊಂಡು ಕತ್ತಲಾಗಿ, ಗಂಟು ಒಂದೇ ಹೊಳೆಯುತ್ತ ಸಿಕ್ಕಿಬೀಳುತ್ತದೆ. ಶ್ವಾಸಕೋಶಕ್ಕೆ ಹಾರಿಹೋದ ಅದರ ಚೂರುಗಳೂ ಹೊಳೆಯುತ್ತವೆ. ಇದನ್ನು ಜಪಾನಿನ ಶಸ್ತ್ರವೈದ್ಯರು 2015ರ ಸುಮಾರಿಗೆ ಮಾಡಿ ತೋರಿಸಿದರು. ಮೊದಲು ಶ್ವಾಸಕೋಶವನ್ನು ಬೆರಳಿನಿಂದ ಹಿಚುಕಿ ಹಿಚುಕಿ ಹುಡುಕಬೇಕಿತ್ತು. ಸಣ್ಣ ತೂತಿನಿಂದ ಮಾಡುವ ಆಪರೇಶನ್ನಿನಲ್ಲಿ ಬೆರಳು ಹೋಗುವುದೆಲ್ಲಿಂದ? ಕಿಡ್ನಿಯಲ್ಲಿ ಎಲ್ಲ ಉಲ್ಟಾ. ಅಮೆರಿಕದ ಮೆಂಫಿಸ್‌ನಲ್ಲಿ ಸೇಂಟ್ ಜೂಡ್ ಎಂಬ ಮಕ್ಕಳ ಆಸ್ಪತ್ರೆ ಇದೆ. ಡ್ಯಾನಿ ಥಾಮಸ್ ಎಂಬ ಹಾಸ್ಯನಟ 1962ರಲ್ಲಿ ಕಟ್ಟಿಸಿದ್ದು, ಮನೆಯವರಿಗೆ ಬಿಲ್ಲು ಕೊಡದ ಆಸ್ಪತ್ರೆ. (ನಮ್ಮ ಹಾಸ್ಯನಟರು ಓದುತ್ತಿದ್ದರೆ ಗಮನಿಸಿ.) ಅಲ್ಲಿನ ಅಬ್ದೆಲ್‌ಹಫೀಜ್ ಎಂಬ ಶಸ್ತ್ರವೈದ್ಯರೂ ಸಂಗಡಿಗರೂ ಕಿಡ್ನಿಗಂಟಿನ ಮಕ್ಕಳಲ್ಲಿ ಕಂಡದ್ದೇನೆಂದರೆ, ಇಲ್ಲಿ ಹೊಳೆಯುವುದು ಒಳ್ಳೆಯ ಕಿಡ್ನಿ, ಕತ್ತಲಾಗಿರುವುದು ಗಂಟು. ಬಣ್ಣವನ್ನು ಆಪರೇಶನ್ ಟೇಬಲ್ಲಿನ ಮೇಲೆಯೇ ಕೊಡುತ್ತಾರೆ, ಬೆಳಕು ಇರುವಷ್ಟನ್ನು ಮಗುವಿಗೆ ಉಳಿಸುತ್ತಾರೆ. ಗಡಿಯ ಒಂದು ಕಡೆ ದೀಪ ಹಚ್ಚಿದರೆ ಸಾಕು, ಯಾವ ಕಡೆಯಾದರೇನು.

ಹಾಗೆಂದು ಇದು ಮಂತ್ರದ ಕನ್ನಡಕ ಎಂದುಕೊಳ್ಳಬೇಡಿ. ಈ ಬೆಳಕು ಮಾಂಸದೊಳಗೆ ಒಂದು ಸೆಂಟಿಮೀಟರ್ ದಾಟಿ ಬರುವುದಿಲ್ಲ. ಆಳದಲ್ಲಿರುವುದು ಆಳದಲ್ಲೇ ಉಳಿಯುತ್ತದೆ. ಕೆಲವೊಮ್ಮೆ ಗಂಟಲ್ಲದ ಜಾಗವೂ ಹೊಳೆದು ಮೋಸ ಮಾಡುತ್ತದೆ. ಕೊನೆಗೂ ಕೈ ಬೇಕು, ಆ ಕೈಯ ಹಿಂದೆ ಕೂಪನಂಥ ತಾಳ್ಮೆ ಬೇಕು. ಔಷಧಿ, ಶಸ್ತ್ರ, ವಿಕಿರಣ ಮೂರೂ ಕೂಡಿ ಒಳ್ಳೆಯ ಆಸ್ಪತ್ರೆಗಳಲ್ಲಿ ಇಂದು ವಿಲ್ಮ್ಸ್ ಗಂಟಿನ 100 ಮಕ್ಕಳಲ್ಲಿ 90ರಷ್ಟು ಮಂದಿ ಉಳಿಯುತ್ತಾರೆ; ಬೇಗ ಹೋದರೆ. ನಮ್ಮಲ್ಲಿ ಆ ಬೇಗ ಎಂಬುದನ್ನೇ ಬರೆ ಹಾಕುವವನೂ, ಲಿವರ್ ಔಷಧಿ ಕೊಡುವವನೂ, 'ಸುಗ್ಗಿ ಮುಗೀಲಿ' ಎನ್ನುವ ಅಪ್ಪನೂ ಹಂಚಿಕೊಂಡು ತಿಂದುಬಿಡುತ್ತಾರೆ.

ಇದನ್ನೆಲ್ಲ ನಮ್ಮ ಓಣಿಯ ಕಾಕುಗೆ ಒಂದು ಸಂಜೆ ಹೇಳುತ್ತಿದ್ದೆ. ಅವರ ಕೈ ಆಗಲೂ ಪಕ್ಕದ ಮನೆಯ ಕೂಸಿನ ಹೊಟ್ಟೆಯ ಮೇಲೇ ಇತ್ತು. ಕೊಡಕ್, ಮೆಂಫಿಸ್ ಯಾವುದಕ್ಕೂ ಅವರು ಹೂಂಗುಟ್ಟಲಿಲ್ಲ. ಹಸಿರು ಎಂದಾಗ ಮಾತ್ರ ಕಿವಿ ನೆಟ್ಟಗಾಯಿತು.

'ಅಲ್ಲ ತಮ್ಮಾ, ಹುಡಿಗಿ ಆಮ್ಯಾಲೆ ಹಸರ ಆಗೇ ಉಳೀತಾಳೇನು? ನಾಳೆ ಲಗ್ನ ಮಾಡೂದು ಬ್ಯಾಡೇನು?'

'ಇಲ್ರಿ ಕಾಕು, ನಾಕು ನಿಮಿಷದಾಗ ಅರ್ಧ ಬಣ್ಣ ರಕ್ತದಾಗಿಂದ ಹೋಗತೈತಿ. ಲಿವರ್ ಅದನ್ನ ಹೊರಗ ಹಾಕತೈತ್ರಿ.'

'ಲಿವರ?' ಕಾಕು ಕೂಸಿನ ಹೊಟ್ಟೆಯಿಂದ ಕೈ ತೆಗೆದು ನನ್ನನ್ನು ನೋಡಿದರು. 'ನಾ ಏನಂದೆ ಮತ್ತ? ಎಲ್ಲಾ ಲಿವರಿಂದನ ಅಂತ ನಾ ಮೊದಲ ಹೇಳಿದ್ದಿಲ್ಲೇನು?'